ಪಿಪಿಪಿ ಸಾಲ, ಅರ್ಜಿಯಿಂದ ಮನ್ನಾವರೆಗೆ: ಸಾಲ ಚೆನ್ನಾಗಿತ್ತು, ಸೆನೆಟ್ ಕಾಯಿಸಿತು

5ಕ್ಕೆ 3 ಅಂಕ. ಕಳೆದ ಎರಡೂ ಅಂಕ ವಾಷಿಂಗ್ಟನ್ನಿನ ಜಗ್ಗಾಟಕ್ಕೆ.

ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ) ಅಂದರೆ ಕೋವಿಡ್ ಹೊತ್ತಿನಲ್ಲಿ ಕೆಲಸಗಾರರ ಸಂಬಳ ನಿಲ್ಲದಿರಲೆಂದು ಸರ್ಕಾರ ತಂದ, ನಿಯಮದಂತೆ ಖರ್ಚು ಮಾಡಿದರೆ ಮನ್ನಾ ಆಗುವ ಸಾಲ. ಅಮೆರಿಕದಲ್ಲಿ ಸಣ್ಣ ರೆಸ್ಟೋರೆಂಟ್, ದಿನಸಿ ಅಂಗಡಿ ನಡೆಸುವವರಿಗೆ 2020ರಲ್ಲಿ ಬಂದ ಈ ಸಾಲದ ಲೆಕ್ಕ ಸರಳ. ತಿಂಗಳ ಸರಾಸರಿ ಸಂಬಳದ ಖರ್ಚಿನ ಎರಡೂವರೆ ಪಟ್ಟು, ಬಡ್ಡಿ 1%. ತಿಂಗಳಿಗೆ 20,000 ಡಾಲರ್ ಸಂಬಳ ಕೊಡುವ ರೆಸ್ಟೋರೆಂಟಿಗೆ 50,000 ಸಿಗುತ್ತಿತ್ತು. ಪೂರ್ತಿ ಮನ್ನಾ ಆಗಲು ಅದರಲ್ಲಿ 60% ಸಂಬಳಕ್ಕೇ ಹೋಗಬೇಕಿತ್ತು, ಮಿಕ್ಕದ್ದು ಬಾಡಿಗೆ, ಕರೆಂಟ್ ಬಿಲ್ಲಿಗೆ. ಸಂಬಳಕ್ಕೆ 24,000 ಮಾತ್ರ ಖರ್ಚಾಗಿದ್ದರೆ ಅದನ್ನು 0.6ರಿಂದ ಭಾಗಿಸಿ: ಹೆಚ್ಚೆಂದರೆ 40,000 ಮನ್ನಾ, ಉಳಿದ 10,000 ತೀರಿಸಬೇಕಿತ್ತು. ಹೆಚ್ಚು ಜನ ಎಡವಿದ್ದು 1099 ತೆರಿಗೆ ಫಾರ್ಮ್ ಮೇಲೆ, ಅಂದರೆ ನೌಕರರಾಗಿರದೆ ಗುತ್ತಿಗೆಯಲ್ಲಿ ಕೆಲಸ ಮಾಡುವವರಿಗೆ ಕೊಟ್ಟ ಹಣವನ್ನೂ ಸಂಬಳಕ್ಕೆ ಸೇರಿಸಿ. ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಷ್ಟ ಶುರುವಾಗಿದ್ದು ನಿಯಮ ಬದಲಾಗತೊಡಗಿದಾಗ. ಏಪ್ರಿಲ್ 3ಕ್ಕೆ ತೆರೆದ 349 ಬಿಲಿಯನ್ ಡಾಲರ್ ನಿಧಿ 16ಕ್ಕೆ ಬರಿದಾಯಿತು. ಮತ್ತೆ ಹಣ ಬಂದು ಅರ್ಜಿ ತೆರೆದದ್ದು 27ಕ್ಕೆ. ಮೊದಲು ಸಂಬಳಕ್ಕೆ 75%, ಹಣ ಖರ್ಚು ಮಾಡುವ ಅವಧಿ 8 ವಾರ. ಜೂನ್ 5ರ ಕಾನೂನಿನಲ್ಲಿ ಅದು 60%, 24 ವಾರವಾಯಿತು. ಹೋಟೆಲ್ ಬಾಗಿಲು ಮುಚ್ಚಿಸಿದ್ದ ಊರುಗಳಲ್ಲಿ 8 ವಾರದೊಳಗೆ ಕೆಲಸವಿಲ್ಲದವರಿಗೆ ಸಂಬಳ ಕೊಟ್ಟು ಮುಗಿಸಿದವರ ಕೈಯಲ್ಲಿ, ಗಿರಾಕಿ ಬರುವ ಹೊತ್ತಿಗೆ ಹಣವೇ ಇರಲಿಲ್ಲ. ನಿಯಮ ಪಾಲಿಸಿದವರಿಗೇ ಪೆಟ್ಟು ಬಿತ್ತು. ಇದು ಅನ್ಯಾಯ.

ಆಗಸ್ಟ್ 8ಕ್ಕೆ ಅರ್ಜಿ ಮುಚ್ಚಿತು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮತ್ತೆ ಹಣ ಕೊಡುವಂಥ ಮಸೂದೆ ಮುಂದೆ ಸಾಗಲು 60 ಮತ ಬೇಕು. ಪಿಪಿಪಿಗೆ ಹೊಸ ಹಣವಿದ್ದ ರಿಪಬ್ಲಿಕನ್ನರ ಮಸೂದೆಗೆ ಸೆಪ್ಟೆಂಬರ್ 10ರಂದು ಬಿದ್ದದ್ದು 52. ಡೆಮಾಕ್ರಾಟರಿಗೆ ಅಷ್ಟು ನೆರವು ಸಾಕಾಗಲಿಲ್ಲ. ಎರಡನೇ ಸುತ್ತಿನ ಸಾಲಕ್ಕೆ ದಾರಿ ಮಾಡಿದ ಕಾನೂನು ಬಂದದ್ದು ಡಿಸೆಂಬರ್ 27ಕ್ಕೆ. ಮನ್ನಾ ಆದ ಹಣದಿಂದ ಮಾಡಿದ ಖರ್ಚನ್ನು ತೆರಿಗೆಯಲ್ಲಿ ಕಳೆಯಬಹುದು ಎಂದು ಇತ್ಯರ್ಥವಾದದ್ದೂ ಅಂದೇ. ಏಪ್ರಿಲ್ ಕೊನೆಯಿಂದ ಅಲ್ಲಿಯವರೆಗೆ ತೆರಿಗೆ ಇಲಾಖೆಯ ಉತ್ತರ "ಕಳೆಯುವಂತಿಲ್ಲ" ಎಂದೇ ಇತ್ತು.

ರೆಸ್ಟೋರೆಂಟುಗಳಿಗೆ ಎರಡನೇ ಸುತ್ತಿನಲ್ಲಿ ಮೂರೂವರೆ ಪಟ್ಟು ಸಿಕ್ಕಿತು, ನಿಜಕ್ಕೂ ಉಪಕಾರ. ಆದರೆ 2021ರಲ್ಲಿ ಅವರಿಗೆಂದೇ ಬಂದ 28.6 ಬಿಲಿಯನ್ ಡಾಲರ್ ಅನುದಾನಕ್ಕೆ 72 ಬಿಲಿಯನ್ನಿಗೂ ಮೀರಿದ ಬೇಡಿಕೆ ಬಂದು, ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಉಳಿದರು. ಅವರಿಗಾಗಿ ತಂದ ಮಸೂದೆಗೆ 2022ರ ಮೇ 19ರಂದು ಮತ್ತೆ 52 ಮತ. ಈ ಸಲ ತಡೆದವರು ರಿಪಬ್ಲಿಕನ್ನರು.

ಮನ್ನಾ ಪತ್ರ ಬಂದಿದ್ದರೂ ಪೇರೋಲ್ ವರದಿ, ಫಾರ್ಮ್ 941 (ಸಂಬಳದ ತೆರಿಗೆಯ ಮೂರು ತಿಂಗಳ ಲೆಕ್ಕ), ಬಾಡಿಗೆ ರಸೀದಿ ಎಸೆಯಬೇಡಿ. ಕಾಗದ ಇಟ್ಟುಕೊಳ್ಳಬೇಕಾದ ಅವಧಿ 6 ವರ್ಷವಾದರೂ, ವಂಚನೆ ಮೊಕದ್ದಮೆ ಹೂಡುವ ಗಡುವನ್ನು 2022ರ ಆಗಸ್ಟ್‌ನಲ್ಲಿ 10 ವರ್ಷಕ್ಕೆ ಏರಿಸಿದ್ದಾರೆ.