ಜುನಿಪರ್ ಬೋನ್ಸಾಯ್‌ಗಳನ್ನು ಚಳಿಗಾಲಕ್ಕೆ ನಂಬಿ ಬಿಟ್ಟು ಬರಬಹುದಾದ ನರ್ಸರಿ

ಶಿಕಾಗೋ ಸುತ್ತಮುತ್ತ ಚಳಿಗಾಲಕ್ಕೆ ಬೋನ್ಸಾಯ್ (ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ಮರ) ಇಟ್ಟುಕೊಳ್ಳುವ ಜಾಗ ಹುಡುಕುತ್ತಿದ್ದೀರಾ? ಮೊದಲು ಒಂದು ಪ್ರಶ್ನೆ ಕೇಳಿ: ಒಳಗೆ ಎಷ್ಟು ತಣ್ಣಗಿರುತ್ತದೆ? "ಬೆಚ್ಚಗಿರುತ್ತದೆ" ಅಂದರೆ ಜುನಿಪರ್ ಅನ್ನುವ ಈ ನಿತ್ಯಹಸಿರು ಗಿಡವನ್ನು ಅಲ್ಲಿ ಬಿಡಬೇಡಿ. ಈ ನರ್ಸರಿಯವರು ನಾನು ಬಾಯಿ ಬಿಡುವ ಮೊದಲೇ ಶೆಡ್ಡಿಗೆ ಕರೆದುಕೊಂಡು ಹೋಗಿ ಥರ್ಮಾಮೀಟರ್ ತೋರಿಸಿದರು. ಸೊನ್ನೆಯಿಂದ 4 ಡಿಗ್ರಿ ಸೆಲ್ಸಿಯಸ್ ಒಳಗೇ ಇಡುತ್ತಾರಂತೆ. ನನಗೆ ಅಲ್ಲೇ ನಂಬಿಕೆ ಬಂತು.

"ಪಾಪ, ಆ ಗಿಡಾನ ಮನೆಯೊಳಗೆ ಇಟ್ಕೊಳ್ಳೋದಲ್ವಾ?" ಅಂತ ಬೆಂಗಳೂರಿನಿಂದ ಅಕ್ಕ ಕೇಳುತ್ತಲೇ ಇರುತ್ತಾಳೆ. ಆದರೆ ಜುನಿಪರ್‌ಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಹೀಟರಿನ ಒಣ ಗಾಳಿಯಲ್ಲಿ ಆ ನಿದ್ದೆ ಸಿಗುವುದಿಲ್ಲ, ಗಿಡ ಸೊರಗುತ್ತದೆ. ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುವುದರಿಂದ, ಮನೆಯೊಳಗೆ ಚೆನ್ನಾಗಿದೆ ಅಂದುಕೊಂಡು ನೀರು ಹಾಕುತ್ತಾ ಇರುತ್ತೇವೆ.

ಹಾಗಾದರೆ ಹೊರಗೇ ಬಿಡಬಹುದಲ್ಲ? ನೆಲದಲ್ಲಿ ಬೇರು ಬಿಟ್ಟ ಜುನಿಪರ್ ಇಲ್ಲಿನ ಚಳಿ ತಡೆಯುತ್ತದೆ. ಚಿಕ್ಕ ಕುಂಡದ ಬೇರಿಗೆ ಆ ಮಣ್ಣಿನ ಕಾವಲಿಲ್ಲ. 2019ರ ಜನವರಿ 30ರಂದು ಇಲ್ಲಿನ ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು! ಅದಕ್ಕಿಂತ ಕೆಟ್ಟದ್ದು ಗಾಳಿ. ಬೇರಿನ ಮಣ್ಣು ಹೆಪ್ಪುಗಟ್ಟಿದಾಗ ಗಾಳಿ ಎಲೆಯ ನೀರನ್ನು ಎಳೆಯುತ್ತದೆ, ಬೇರು ಮತ್ತೆ ಕೊಡಲಾರದು. ನಿಮಗೆ ಹಿತ್ತಲಿದ್ದರೆ ಗೋಡೆಯ ಮರೆಯಲ್ಲಿ ಕುಂಡವನ್ನು ಅಂಚಿನವರೆಗೆ ಹೂತು, ಮೇಲೆ ಮರದ ಚೂರು ಹರಡಿ. ಹಿಮ ಬಿದ್ದರೆ ಬೀಳಲಿ, ಅದೂ ಹೊದಿಕೆಯೇ. ಹಿತ್ತಲಿದ್ದವರಿಗೆ ಈ ಸೇವೆ ಬೇಕಾಗಿಲ್ಲ. ನನಗಿರುವುದು ಮೂರನೇ ಮಹಡಿಯ ಬಾಲ್ಕನಿ, ಗ್ಯಾರೇಜೂ ಇಲ್ಲ.

ಅಕ್ಟೋಬರಿನಲ್ಲೇ ತಂದರೆ ಇವರು ತೆಗೆದುಕೊಳ್ಳುವುದಿಲ್ಲ. ನಾಲ್ಕಾರು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ, ಗಿಡ ತಾನಾಗಿ ಮಲಗಬೇಕು ಅನ್ನುತ್ತಾರೆ. ದುಡ್ಡಿಗಾಗಿ ಆತುರ ಪಡದ ಈ ಗುಣ ನನಗೆ ತುಂಬಾ ಇಷ್ಟವಾಯಿತು. ಬಿಡುವ ದಿನ ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದರು. ಕೆಂಪು ನುಸಿ ಇದ್ದರೆ ಹಾಳೆಯ ಮೇಲೆ ಓಡಾಡುವುದು ಕಾಣುತ್ತದೆ. ಒಳಗಿನ ಒಣ ಎಲೆ ಬಿಡಿಸಿದರು. ಬೆಂಚಿನ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಇದೆ, ಯಾಕೆಂದರೆ ಚಳಿಗಾಲದಲ್ಲಿ ಇಲಿಗಳು ತೊಗಟೆ ಕೆರೆದು ತಿನ್ನುತ್ತವೆ. ಸುತ್ತಲೂ ತೊಗಟೆ ಹೋದರೆ ಗಿಡದ ಕಥೆ ಮುಗಿಯಿತು. ನೀರನ್ನು ಕ್ಯಾಲೆಂಡರ್ ನೋಡಿ ಹಾಕುವುದಿಲ್ಲ, ಮಣ್ಣು ಮುಟ್ಟಿ ನೋಡಿ ಹಾಕುತ್ತಾರೆ.

ಆಗಾಗ ಫೋಟೋ ಕಳಿಸುತ್ತಾರೆ. ಎಲೆ ಕಂದು ನೇರಳೆಗೆ ತಿರುಗಿದ್ದು ಕಂಡರೆ ಗಾಬರಿಯಾಗಬೇಡಿ. ಚಳಿಗೆ ಜುನಿಪರ್ ಬಣ್ಣ ಬದಲಿಸುತ್ತದೆ, ವಸಂತದಲ್ಲಿ ಹಸಿರು ಮರಳುತ್ತದೆ. ಒಣಗಿದ ಎಲೆ ಮುಟ್ಟಿದರೆ ಗರಿಗರಿಯಾಗಿ ಉದುರುತ್ತದೆ, ಇದು ಹಾಗಲ್ಲ.

ಕೊರತೆಯೂ ಇದೆ. ಶನಿವಾರ ಬೆಳಿಗ್ಗೆ ಬಿಟ್ಟು ಬೇರೆ ದಿನ ಗಿಡ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಕೆಲಸಕ್ಕೆ ಹೋಗುವವರಿಗೆ ಸರಿ, ಅಂಗಡಿ ಇಟ್ಟವರಿಗೆ ಕಷ್ಟ. ಕುಂಡ ಬಿರುಕು ಬಿಟ್ಟರೆ ಹೊಣೆ ಹೊರುವುದಿಲ್ಲ. ಚೆನ್ನಾಗಿ ಸುಡದ ಕುಂಡ ನೀರು ಹೀರಿ, ಹೆಪ್ಪುಗಟ್ಟಿ ಒಡೆಯುತ್ತದೆ, ಅಂಥದ್ದನ್ನು ಮೊದಲೇ ಬದಲಿಸಿ. ಮೂರು ಕುಂಡಕ್ಕೆ ಇಡೀ ಚಳಿಗಾಲಕ್ಕೆ 180 ಡಾಲರ್ ಕೊಟ್ಟೆ. ಜಾಸ್ತಿಯೇ. ಆದರೆ ವಾಷಿಂಗ್ಟನ್‌ನ ಬೋನ್ಸಾಯ್ ಮ್ಯೂಸಿಯಂನಲ್ಲಿ ಹೆಸರಾಂತ ಬೋನ್ಸಾಯ್ ಕಲಾವಿದ ಜಾನ್ ನಾಕಾ ಅವರು ಒಂದೇ ಕುಂಡದಲ್ಲಿ ಕೂಡಿಸಿದ 11 ಜುನಿಪರ್‌ಗಳ 'ಗೋಶಿನ್' ಕಾಡು ನೋಡಿದಾಗಿನಿಂದ ಪ್ರೀತಿಯಿಂದ ಬೆಳೆಸುತ್ತಿರುವ ಗಿಡಗಳಿವು. ಅವುಗಳಿಗೆ ಇಷ್ಟು ಖರ್ಚು ಮಾಡಲು ನನಗೆ ಬೇಸರವಿಲ್ಲ.

ಏಪ್ರಿಲ್‌ನಲ್ಲಿ ವಾಪಸ್ ತಂದಾಗ ಮೂರೂ ಗಟ್ಟಿಯಾಗಿದ್ದವು. ಜಾಗ ಕಡಿಮೆ, ಬೇಗ ತುಂಬುತ್ತದೆ. ಸೆಪ್ಟೆಂಬರಿನಲ್ಲೇ ಫೋನ್ ಮಾಡಿ ಹೆಸರು ಬರೆಸಿ.