ಹಳೇ ಡಿಸೈರ್, ಹೊಸ ಡಿಸೈರ್, ಹೊಸ ಅಮೇಜ್: ಯಾವುದರ ರೂಪ ಚೆನ್ನಾಗಿದೆ?

ಮಾರುತಿಯ ಹೊಸ ಡಿಸೈರ್ ಬಂದಿದ್ದು 2024ರ ನವೆಂಬರ್‌ನಲ್ಲಿ. ಅದರ ಬೆನ್ನಿಗೇ ಡಿಸೆಂಬರ್‌ನಲ್ಲಿ ಹೋಂಡಾ ಅಮೇಜ್ ಕೂಡ ಹೊಸ ರೂಪದಲ್ಲಿ ಬಂತು. ಅವತ್ತಿನಿಂದ ಕಾರು ತಗೊಳ್ಳುವ ಮಾತು ಬಂದ ಕಡೆಯೆಲ್ಲ ಇದೇ ಚರ್ಚೆ. ಡಿಸೈರ್ ಮುಖ ಆಡಿ ಕಾರಿನ ತರ ಇದೆ ಅಂತ ಕೆಲವರಿಗೆ ಖುಷಿ. ಹಳೇದರ ದುಂಡು ಮೈಯೇ ಚೆನ್ನಾಗಿತ್ತು ಅಂತ ಇನ್ನು ಕೆಲವರು. ಅಮೇಜ್ ಅಂದರೆ ಹೋಂಡಾದ ಎಸ್‌ಯುವಿ ಎಲಿವೇಟ್‌ನ ಪುಟ್ಟ ರೂಪ ಅಲ್ವಾ ಅನ್ನುವವರೂ ಇದ್ದಾರೆ.

ನಮ್ಮ ಮನೆಯಲ್ಲಿರುವುದು 2017ರಲ್ಲಿ ಬಂದ ಮೂರನೇ ತಲೆಮಾರಿನ ಡಿಸೈರ್. ಅಣ್ಣ ಹೊಸ ಡಿಸೈರ್ ತಗೊಂಡ. ಭಾವ ಹೊಸ ಅಮೇಜ್ ತಗೊಂಡರು. ಮೂರನ್ನೂ ಓಡಿಸಿದ್ದೇನೆ, ತೊಳೆದಿದ್ದೇನೆ, ಡಿಕ್ಕಿಗೆ ಸೂಟ್‌ಕೇಸ್ ತುಂಬಿದ್ದೇನೆ. ನನ್ನ ಕಣ್ಣಿಗೆ ಮುಖದಲ್ಲಿ ಹೊಸ ಡಿಸೈರ್ ಮುಂದು. ಹಿಂಭಾಗದಲ್ಲಿ ಹಳೇದೇ ಮೇಲು. ಇಡೀ ಕಾರಾಗಿ ದೂರದಿಂದ ನೋಡಿದರೆ ಸೆಡಾನ್ ಅನ್ನಿಸುವುದು ಅಮೇಜ್.

ರೂಪಕ್ಕೆ ಮುಂಚೆ ಅಳತೆಯ ವಿಷಯ ಹೇಳಲೇಬೇಕು. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಎಕ್ಸೈಸ್ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ ದಾಟಬಾರದು. ಎಕ್ಸೈಸ್ ಹೋಗಿ ಜಿಎಸ್‌ಟಿ ಬಂದರೂ ಆ 4 ಮೀಟರ್ ಗೆರೆ ಹಾಗೇ ಇದೆ. 2008ರ ಮೊದಲ ಸ್ವಿಫ್ಟ್ ಡಿಸೈರ್ 4160 ಮಿಮೀ ಉದ್ದ ಇತ್ತು, ಡಿಕ್ಕಿ 440 ಲೀಟರ್. 2012ರಲ್ಲಿ ಅದನ್ನು 3995 ಮಿಮೀಗೆ ಮೊಟಕು ಮಾಡಿದರು. ಡಿಕ್ಕಿ 316 ಲೀಟರ್‌ಗೆ ಇಳಿಯಿತು. ಹಿಂದಿನಿಂದ ಯಾರೋ ಗೋಡೆಗೆ ಒತ್ತಿಟ್ಟ ಹಾಗೆ ಕಾಣುತ್ತಿತ್ತು ಆ ಕಾರು. 2017ರಲ್ಲಿ ಅದೇ ಉದ್ದದೊಳಗೆ ಹೊಸದಾಗಿ ಬರೆದರು, ಹೆಸರಿನಿಂದ ಸ್ವಿಫ್ಟ್ ಅನ್ನುವುದನ್ನೂ ಕೈಬಿಟ್ಟರು. ಡಿಕ್ಕಿ 378 ಲೀಟರ್ ಆಯಿತು.

2024ರದ್ದರಲ್ಲಿ ಉದ್ದ ಮತ್ತೆ 3995, ಅಗಲ ಹಿಂದಿನಂತೆ 1735, ಚಕ್ರಗಳ ನಡುವಿನ ಅಂತರ ಹಿಂದಿನಂತೆ 2450 ಮಿಮೀ. ಎತ್ತರ ಮಾತ್ರ 1515ರಿಂದ 1525ಕ್ಕೆ ಹೋಗಿದೆ. ಹಾಗಾಗಿ ಈ ಹೊಸ ರೂಪ ಅಂದರೆ ಬಹುಪಾಲು ಮೈಮೇಲಿನ ತಗಡಿನ ಕೆಲಸ. ಕೈಗೆ ಸಿಕ್ಕ ಜಾಗ ಅಷ್ಟೇ ಇದ್ದಾಗ ಏನು ಮಾಡಿದ್ದಾರೆ ಅನ್ನುವುದನ್ನು ನೋಡಬೇಕು.

ಮುಖದಿಂದ ಶುರು ಮಾಡೋಣ. ಹಳೇ ಡಿಸೈರ್‌ನ ಮುಖ ಅಂದಿನ ಸ್ವಿಫ್ಟ್‌ನ ಅಕ್ಕನದೋ ತಂಗಿಯದೋ ಅನ್ನಿಸುತ್ತಿತ್ತು. ಬಾನೆಟ್, ಹೆಡ್‌ಲೈಟ್‌ನ ಓಟ, ಎಲ್ಲ ಅದರದೇ ಗುರುತು. ಹೊಸದರಲ್ಲಿ ಆ ನೆಂಟಸ್ತನವನ್ನು ಕಡಿದುಕೊಂಡಿದ್ದಾರೆ. ಅಗಲವಾದ ಗ್ರಿಲ್, ಅದರಲ್ಲಿ ಅಡ್ಡಡ್ಡ ಪಟ್ಟಿಗಳು, ಮೇಲೆ ಎರಡೂ ಹೆಡ್‌ಲೈಟ್‌ಗಳ ಕಡೆಗೆ ಚಾಚಿದ ಗೆರೆ. ಅಡ್ಡ ಗೆರೆಗಳಿಂದ ಕಾರು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಎದುರಿಗೆ ಅದು ಬರುತ್ತಿದ್ದರೆ ಈಗಿನ ಸ್ವಿಫ್ಟ್ ಅಂದುಕೊಳ್ಳುವ ಪ್ರಶ್ನೆಯೇ ಇಲ್ಲ. ಹದಿನಾರು ವರ್ಷಗಳಲ್ಲಿ ಮೊದಲ ಸಲ ಡಿಸೈರ್‌ಗೆ ತನ್ನದೇ ಮುಖ ಸಿಕ್ಕಿದೆ ಅಂತ ನನಗೆ ಅನ್ನಿಸಿತು, ಅದು ಸಣ್ಣ ಮಾತಲ್ಲ. ಆಡಿ ತರ ಇದೆ ಅನ್ನುವುದು ದೂರಲ್ಲ ನನಗೆ. ಗ್ರಿಲ್ ದೊಡ್ಡದಾದರೆ ಯಾವುದೋ ಒಂದು ದೊಡ್ಡ ಕಾರಿನ ನೆನಪು ಬಂದೇ ಬರುತ್ತದೆ.

ಅಮೇಜ್ ಬೇರೆ ದಾರಿ ಹಿಡಿದಿದೆ. ಬಾನೆಟ್ ಎತ್ತರ ಮತ್ತು ಚಪ್ಪಟೆ. ಗ್ರಿಲ್ ಮೇಲೆ ಒಂದು ಕ್ರೋಮ್ ಪಟ್ಟಿ, ಕೆಳಗೆ ಜೇನುಗೂಡಿನ ಜಾಲರಿ, ಹುಬ್ಬಿನ ಹಾಗೆ ಡಿಆರ್‌ಎಲ್, ಅಂದರೆ ಹಗಲಲ್ಲೂ ಉರಿಯುವ ದೀಪ. ಹೋಂಡಾದವರದೇ ಎಲಿವೇಟ್ ಪಕ್ಕ ನಿಲ್ಲಿಸಿದರೆ ಹೋಲಿಕೆ ಯಾರಿಗಾದರೂ ಗೊತ್ತಾಗುತ್ತದೆ. ಎಸ್‌ಯುವಿಯ ಮುಖವನ್ನು ಸೆಡಾನ್‌ಗೆ ಇಟ್ಟಿದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗಟ್ಟಿಯಾಗಿ ಕಾಣುತ್ತದೆ, ನಿಜ. ಆದರೆ ಹೊಸತು ಅನ್ನಿಸುವುದಿಲ್ಲ.

ರೂಪ ಎಷ್ಟು ಚೆನ್ನಾಗಿದೆ ಅಂತ ತಿಳಿಯಲು ಕಾರನ್ನು ಕೈಯಾರೆ ತೊಳೆಯಬೇಕು. ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಮೂರನ್ನೂ ಸಾಲಾಗಿ ನಿಲ್ಲಿಸಿ ತೊಳೆದೆ. ಹಳೇ ಡಿಸೈರ್‌ನ ಮೈಮೇಲೆ ಬಟ್ಟೆ ಇಟ್ಟರೆ ಕೈ ತಾನಾಗೇ ಜಾರುತ್ತದೆ. ಹಿಂದಿನ ಚಕ್ರದ ಮೇಲಿನ ಉಬ್ಬು ಬಾಗಿಲಿನಿಂದ ಶುರುವಾಗಿ ಟೇಲ್ ಲೈಟ್‌ವರೆಗೆ ಎಲ್ಲೂ ಮುರಿಯದೆ ಹೋಗುತ್ತದೆ. ಹೊಸ ಡಿಸೈರ್‌ನಲ್ಲಿ ಪಕ್ಕದ ಮೈ ಹೆಚ್ಚು ಸಪಾಟು, ಕೈಗೆ ಅಂಚುಗಳು ಸಿಗುತ್ತವೆ. ಬಿಸಿಲು ಓರೆಯಾಗಿ ಬಿದ್ದಾಗ ಈ ಅಂಚುಗಳು ಚೆನ್ನಾಗಿ ಕಾಣುತ್ತವೆ, ಮೋಡವಿದ್ದಾಗ ಪಕ್ಕದ ಮೈ ಸ್ವಲ್ಪ ಖಾಲಿ ಅನ್ನಿಸುತ್ತದೆ. ಗ್ರಿಲ್ ವಿಷಯದಲ್ಲಿ ಹೊಸ ಡಿಸೈರ್ ಸುಲಭ. ಬಟ್ಟೆಯನ್ನು ಅಡ್ಡಕ್ಕೆ ಎಳೆದರೆ ಒಂದೊಂದೇ ಪಟ್ಟಿ ಶುಚಿಯಾಗುತ್ತದೆ. ಅಮೇಜ್‌ನ ಜಾಲರಿಗೆ ಬ್ರಶ್ಶೇ ಬೇಕು. ಒಂದೊಂದು ಗೂಡಿನ ಮೂಲೆಯಲ್ಲೂ ಮಣ್ಣು ಕೂತಿರುತ್ತದೆ.

ಈಗ ಹಿಂಭಾಗ. 4 ಮೀಟರ್‌ನ ಕತ್ತರಿ ಬೀಳುವುದೇ ಇಲ್ಲಿ, ಆದ್ದರಿಂದ ನಾನು ಇಂಥ ಕಾರುಗಳನ್ನು ಯಾವಾಗಲೂ ಹಿಂದಿನ ಮೂಲೆಯಿಂದ ನೋಡುತ್ತೇನೆ. ಹಳೇ ಡಿಸೈರ್‌ನ ಚಾವಣಿ ಮೆಲ್ಲಗೆ ಇಳಿದು ಡಿಕ್ಕಿಗೆ ಸೇರುವ ಗೆರೆ ನನಗೆ ಇವತ್ತಿಗೂ ಇಷ್ಟ. ಅದರ ಮೊದಲಿನ ಮೊಂಡು ಡಿಕ್ಕಿಯನ್ನು ನೆನೆಸಿಕೊಂಡರೆ ಆ ಕೆಲಸದ ಬೆಲೆ ಗೊತ್ತಾಗುತ್ತದೆ. ಹೊಸದರಲ್ಲಿ ಡಿಕ್ಕಿಯ ಅಂಚನ್ನು ಮೇಲಕ್ಕೆ ಎತ್ತಿ ಪುಟ್ಟ ಸ್ಪಾಯ್ಲರ್ ಥರ ಮಾಡಿದ್ದಾರೆ. ಟೇಲ್ ಲೈಟ್‌ಗಳ ಒಳಗೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಎಲ್‌ಇಡಿ, ಎರಡನ್ನೂ ಸೇರಿಸುವ ದಪ್ಪ ಕ್ರೋಮ್ ಪಟ್ಟಿ. ರಾತ್ರಿ ದೀಪ ಹೊತ್ತಿದಾಗ ಬಹಳ ಚೆಂದ, ದೂರದಿಂದಲೇ ಗುರುತು ಸಿಗುತ್ತದೆ. ಹಗಲಲ್ಲಿ ಆ ಕ್ರೋಮ್ ಪಟ್ಟಿ ಜಾಸ್ತಿಯಾಯಿತು. ಅದೊಂದು ಇಲ್ಲದಿದ್ದರೆ ಅಥವಾ ಅರ್ಧ ದಪ್ಪ ಇದ್ದಿದ್ದರೆ ಹಿಂಭಾಗಕ್ಕೂ ನಾನು ಹೊಸದನ್ನೇ ಆರಿಸುತ್ತಿದ್ದೆನೇನೋ.

ಅಮೇಜ್‌ನ ಟೇಲ್ ಲೈಟ್ ಹೋಂಡಾ ಸಿಟಿಯನ್ನು ನೆನಪಿಸುತ್ತದೆ. ಅದರ ಗೆಲುವು ಇರುವುದು ನಿಲುವಿನಲ್ಲಿ. ಎತ್ತರ 1500 ಮಿಮೀ, ಅಂದರೆ ಹೊಸ ಡಿಸೈರ್‌ಗಿಂತ 25 ಮಿಮೀ ಕಡಿಮೆ. ಚಕ್ರಗಳ ನಡುವಿನ ಅಂತರ 2470 ಮಿಮೀ, ಅಂದರೆ 20 ಮಿಮೀ ಜಾಸ್ತಿ. ಹೇಳುವುದಕ್ಕೆ ಒಂದು ಬೆರಳಿನಗಲದಷ್ಟು ವ್ಯತ್ಯಾಸ. ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಮಾತ್ರ ಅಮೇಜ್ ಉದ್ದವಾಗಿ, ನೆಲಕ್ಕೆ ಹತ್ತಿರವಾಗಿ ಕಾಣುತ್ತದೆ. ಬಾನೆಟ್, ಕ್ಯಾಬಿನ್, ಡಿಕ್ಕಿ ಮೂರೂ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಡಿಕ್ಕಿಯೂ ದೊಡ್ಡದು, 416 ಲೀಟರ್, ಹೊಸ ಡಿಸೈರ್‌ನದು 382. ನಮ್ಮ ದೊಡ್ಡ ಸೂಟ್‌ಕೇಸ್ ಅಮೇಜ್‌ನಲ್ಲಿ ಮಲಗಿಸಿದ ಮೇಲೂ ಪಕ್ಕದಲ್ಲಿ ಎರಡು ಬ್ಯಾಗ್‌ಗೆ ಜಾಗ ಉಳಿಯಿತು. ಎರಡೂ ಡಿಸೈರ್‌ಗಳಲ್ಲಿ ಒಂದು ಬ್ಯಾಗನ್ನು ಸೂಟ್‌ಕೇಸ್ ಮೇಲೆ ಏರಿಸಬೇಕಾಯಿತು.

ಕೂರುವ ವಿಷಯ ಬಂದರೆ ಲೆಕ್ಕ ತಿರುಗುತ್ತದೆ. ಅಮ್ಮನಿಗೆ ಮಂಡಿ ನೋವು. ಹಿಂದಿನ ಸೀಟಿಗೆ ಹತ್ತಿ ಇಳಿಯಲು ಅವರಿಗೆ ಡಿಸೈರ್‌ಗಳೇ ಅನುಕೂಲ ಅನ್ನಿಸಿದವು. ಅಮೇಜ್‌ನಲ್ಲಿ ತಲೆ ಸ್ವಲ್ಪ ಜಾಸ್ತಿ ಬಗ್ಗಿಸಿದರು, ಕೂತ ಮೇಲೆ ಮಾತ್ರ ಆರಾಮಾಗಿದೆ ಅಂದರು. ಹೊಸ ಡಿಸೈರ್‌ನ ಟಾಪ್ ವೇರಿಯಂಟ್‌ನಲ್ಲಿ ಸನ್‌ರೂಫ್ ಇದೆ, ಅಮೇಜ್‌ನಲ್ಲಿ ಇಲ್ಲ. ಮಕ್ಕಳು ಆ ಒಂದೇ ಕಾರಣಕ್ಕೆ ಡಿಸೈರ್ ಪಕ್ಷ.

ಒಳಗಿನ ಡ್ಯಾಶ್‌ಬೋರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೈರ್‌ನಲ್ಲಿ ಕಪ್ಪು ಮತ್ತು ಬೀಜ್ ಬಣ್ಣ, ಮರದ ಥರದ ಪಟ್ಟಿ, ಹಳೆಯ ಸಂಪ್ರದಾಯ ಮುಂದುವರಿದಿದೆ. ಟಚ್‌ಸ್ಕ್ರೀನ್ 9 ಇಂಚು. ಅಮೇಜ್‌ನದು 8 ಇಂಚು, ಆದರೆ ಎಸಿಗೆ ತಿರುಗಿಸುವ ಗುಂಡಿಗಳು ಇವೆ. ರಸ್ತೆಯಿಂದ ಕಣ್ಣು ತೆಗೆಯದೆ ತಿರುಗಿಸಬಹುದು. ಒಳಾಂಗಣಕ್ಕೆ ನನ್ನ ಓಟು ಅಮೇಜ್‌ಗೆ.

ಓಡಿಸುವಾಗಿನ ಒಂದು ವಿಷಯ ರೂಪಕ್ಕೂ ಸೇರುತ್ತದೆ. ಹಳೇ ಡಿಸೈರ್ ಮತ್ತು ಅಮೇಜ್ ಎರಡರದ್ದೂ ನಾಲ್ಕು ಸಿಲಿಂಡರ್‌ನ 1.2 ಲೀಟರ್ ಎಂಜಿನ್. ಹೊಸ ಡಿಸೈರ್‌ನದು ಮೂರು ಸಿಲಿಂಡರ್. ಕಂಪನಿ ಹೇಳುವ ಮೈಲೇಜ್ ಮ್ಯಾನ್ಯುಯಲ್ ಗೇರ್‌ನದಕ್ಕೆ ಲೀಟರ್‌ಗೆ 24.79 ಕಿಮೀ, ಆ ಲೆಕ್ಕದಲ್ಲಿ ಒಳ್ಳೆಯದೇ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್‌ಗೆ ಬರುವ ಸಣ್ಣ ನಡುಕ ಮಾತ್ರ ಆ ಸಿರಿವಂತ ಮುಖಕ್ಕೆ ಹೊಂದುವುದಿಲ್ಲ. ಇನ್ನೊಂದು ಕಡೆ, ಕಣ್ಣಿಗೆ ಕಾಣದ ದೊಡ್ಡ ಬದಲಾವಣೆಯೂ ಇದರಲ್ಲಿದೆ. ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಸಂಸ್ಥೆ ಕಾರುಗಳಿಗೆ ಮಾಡುವ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ 5 ಸ್ಟಾರ್ ಪಡೆದ ಮೊದಲ ಮಾರುತಿ ಕಾರು ಇದು. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರು ಕ್ರೋಮ್ ಪಟ್ಟಿಗಿಂತ ಇದಕ್ಕೆ ತೂಕ ಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಬರೀ ರೂಪ ನೋಡಿ ತಗೊಳ್ಳುವುದಾದರೆ ನಾನು ಅಮೇಜ್ ತಗೊಳ್ಳುತ್ತೇನೆ. ಅಮ್ಮನ ಮಂಡಿ, ಆ 5 ಸ್ಟಾರ್ ಎರಡನ್ನೂ ಸೇರಿಸಿದರೆ ಹೊಸ ಡಿಸೈರ್. ಹಳೇದು ಕೈಯಲ್ಲಿರುವವರು ರೂಪ ಹಳೆಯದಾಯಿತು ಅನ್ನುವ ಕಾರಣಕ್ಕೆ ಸುಮ್ನೆ ಮಾರಬೇಡಿ. ಅದು ಟೂರ್ ಎಸ್ ಹೆಸರಲ್ಲಿ ಟ್ಯಾಕ್ಸಿಯಾಗಿಯೂ ಓಡಾಡುತ್ತದೆ ಅನ್ನುವುದು ಅದರ ಗೆರೆಗಳ ತಪ್ಪಲ್ಲ.

ನೋಡಲು ಹೋಗುವವರಿಗೆ ಒಂದು ಮಾತು. ಶೋರೂಮ್ ಮಧ್ಯದಲ್ಲಿ ದೀಪದ ಕೆಳಗೆ ನಿಲ್ಲಿಸಿರುವುದು ಹೆಚ್ಚಾಗಿ ಟಾಪ್ ವೇರಿಯಂಟ್. ಡಿಸೈರ್‌ನ ಕೆಳಗಿನ ವೇರಿಯಂಟ್‌ಗಳಲ್ಲಿ ಎಲ್‌ಇಡಿ ಹೆಡ್‌ಲೈಟ್ ಇಲ್ಲ, ಅಲಾಯ್ ಚಕ್ರಗಳೂ ಇಲ್ಲ, ಮುಖದ ಕಳೆ ಅರ್ಧ ಅಲ್ಲೇ ಹೋಗುತ್ತದೆ. ನೀವು ತಗೊಳ್ಳುವ ವೇರಿಯಂಟನ್ನೇ ತೋರಿಸಿ ಅಂತ ಕೇಳಿ, ಅದನ್ನು ಹೊರಗೆ ಬಿಸಿಲಿಗೆ ತರಿಸಿ, ಹಿಂದಿನ ಮೂಲೆಯಲ್ಲಿ ಹತ್ತು ಹೆಜ್ಜೆ ದೂರ ನಿಂತು ನೋಡಿ.