ಹಳೆಯ ಸ್ಪೀಕರ್ ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿರುವ ಸ್ಪೀಕರ್, ಆಂಪ್ಲಿಫೈಯರ್ ಅಂಗಡಿಗೆ ಕೊಟ್ಟು, ಮೇಲೆ ದುಡ್ಡು ಹಾಕಿ ದೊಡ್ಡ ಸೆಟ್ ತರಬೇಕು ಅಂತಿದ್ದೀರಾ? ಹೊಸದು ನಿಮ್ಮ ಮನೆಯಲ್ಲಿ ಸರಿಯಾಗಿ ಹಾಡುವವರೆಗೆ ಹಳೆಯದನ್ನು ಕೈಬಿಡಬೇಡಿ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನನಗೆ ಆದದ್ದನ್ನು ಇಲ್ಲಿ ಬರೆದಿದ್ದೇನೆ. ದೂರು ಇನ್ನೂ ನಡೆಯುತ್ತಿದೆ, ಹಾಗಾಗಿ ಹೆಸರು ಹಾಕಿಲ್ಲ.

ನನ್ನ ಹತ್ತಿರ ಇದ್ದದ್ದು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಮತ್ತು 50 ವ್ಯಾಟ್‌ನ ಸ್ಟೀರಿಯೊ ಆಂಪ್. ಚೆನ್ನಾಗಿಯೇ ಇತ್ತು. ಆದರೆ ಧಾರವಾಡದಲ್ಲಿದ್ದು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರನ್ನು ಕೇಳುತ್ತಾ ಬೆಳೆದವರಿಗೆ ಒಂದು ಆಸೆ ಇರುತ್ತದೆ. ಗಂಗೂಬಾಯಿಯವರು ಮಂದ್ರದಲ್ಲಿ (ಕೆಳಗಿನ ಸ್ವರಗಳಲ್ಲಿ) ನಿಂತಾಗ ಆ ದನಿಯ ಪೂರ್ತಿ ತೂಕ ಮನೆಯಲ್ಲೇ ಕೇಳಬೇಕು ಅಂತ. ಚಿಕ್ಕ ಸ್ಪೀಕರ್‌ನಲ್ಲಿ ಅದು ಅರ್ಧವಷ್ಟೇ ಸಿಗುತ್ತದೆ.

ಅಂಗಡಿಯಲ್ಲಿ ಎದೆಯೆತ್ತರದ ಒಂದು ಫಾರಿನ್ ಸ್ಪೀಕರ್ ಜೋಡಿ ಇತ್ತು. ಸೆಕೆಂಡ್ ಹ್ಯಾಂಡ್. ದಪ್ಪ ಕಾರ್ಪೆಟ್, ಗೋಡೆ ತುಂಬ ಪರದೆ ಇದ್ದ ಕೋಣೆಯಲ್ಲಿ ಹಚ್ಚಿ ಕೇಳಿಸಿದರು. ಅದ್ಭುತವಾಗಿತ್ತು. ಅದನ್ನು ನಡೆಸುತ್ತಿದ್ದದ್ದು ಕೆಳಗಿನ ರ್‍ಯಾಕ್‌ನಲ್ಲಿದ್ದ ಭಾರಿ ಪವರ್ ಆಂಪ್. ನನಗೆ ಮಾರಿದ್ದು ಅದಲ್ಲ, ಡಬ್ಬಿಯ ಮೇಲೆ ದೊಡ್ಡದಾಗಿ 100 ವ್ಯಾಟ್ ಅಂತ ಬರೆದಿದ್ದ ಎವಿ ರಿಸೀವರ್ (ಟಿವಿ, ಸಿನಿಮಾ ದನಿಗೆ ಅಂತ ಮಾಡಿದ ಆಂಪ್). ಇದು ಈ ಸ್ಪೀಕರ್‌ಗೆ ಸಾಲುತ್ತದಾ ಅಂತ ಕೇಳಿದೆ. “ನೂರು ವ್ಯಾಟ್ ಐತ್ರೀ ಸರ, ಆರಾಮ ಎಳೀತದ. ಹದಿನೈದು ದಿನ ಮನ್ಯಾಗ ಹಚ್ಚಿ ಕೇಳ್ರಿ. ಮನಸ್ಸಿಗೆ ಬರಲಿಲ್ಲಂದ್ರ ವಾಪಸ್ ತರ್ರಿ” ಅಂದರು. ವಾಟ್ಸಾಪ್‌ನಲ್ಲೂ ಅದನ್ನೇ ಬರೆದು ಕಳಿಸಿದರು. ಆ ಮೆಸೇಜ್ ಈಗ ನನ್ನ ಹತ್ತಿರ ಇರುವ ದೊಡ್ಡ ಆಧಾರ.

ಮನೆಯಲ್ಲಿ ಮೆಲ್ಲಗೆ ಹಚ್ಚಿದಾಗ ಏನೂ ತೊಂದರೆ ಕಾಣಲಿಲ್ಲ. ಸ್ವಲ್ಪ ದನಿ ಏರಿಸಿ ಮನ್ಸೂರರ ದ್ರುತ್ (ವೇಗದ ಲಯದ ಹಾಡು) ಹಚ್ಚಿದರೆ, ತಾನ್ ಮೇಲಕ್ಕೆ ಹೋಗುತ್ತಿದ್ದಂತೆ ಟಕ್ ಅಂತ ರಿಸೀವರ್ ಬಂದ್. ಮತ್ತೆ ಹಚ್ಚಿದರೆ ಮತ್ತೆ ಬಂದ್. ಅಂಗಡಿಗೆ ಫೋನ್ ಮಾಡಿದರೆ “ನಿಮ್ಮ ಓಣ್ಯಾಗ ಕರೆಂಟ್ ಸರಿ ಇಲ್ರಿ” ಅಂದರು. ಮೀಟರ್ ಹಿಡಿದು ನೋಡಿದೆ, 230 ವೋಲ್ಟ್ ಆಸುಪಾಸಿನಲ್ಲೇ ಇತ್ತು.

ನಿಜವಾದ ಕಾರಣ ಸ್ಪೀಕರ್ ಹಿಂದೆಯೇ ಇತ್ತು. ಕಂಪನಿಯ ಲೇಬಲ್ ಮೇಲೆ ಅಂಗಡಿಯ ಸ್ಟಿಕರ್ ಅಂಟಿಸಿದ್ದರು. ಕಿತ್ತು ನೋಡಿದರೆ 4 ಓಮ್. ಓಮ್ ಅಂದರೆ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ರಿಸೀವರ್‌ನ ಪುಸ್ತಕದಲ್ಲಿ 6ರಿಂದ 16 ಓಮ್ ಸ್ಪೀಕರ್ ಮಾತ್ರ ಹಚ್ಚಿ ಅಂತ ಸ್ಪಷ್ಟವಾಗಿ ಇದೆ. ಓಮ್ ಕಡಿಮೆಯಾದಷ್ಟೂ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. ಅಷ್ಟೇ ವೋಲ್ಟೇಜ್‌ಗೆ 8 ಓಮ್ ಸ್ಪೀಕರ್ ಎಳೆಯುವುದರ ಎರಡರಷ್ಟನ್ನು 4 ಓಮ್ ಸ್ಪೀಕರ್ ಎಳೆಯುತ್ತದೆ. ಆ 4 ಕೂಡ ಒಂದೇ ಕಡೆ ನಿಲ್ಲುವುದಿಲ್ಲ. ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಐಇಸಿ (ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಸಂಸ್ಥೆ) ಮಾನದಂಡದ ಪ್ರಕಾರ ಹೇಳಿದ ಅಂಕಿಯ ಶೇಕಡಾ 80ಕ್ಕಿಂತ ಕೆಳಗೆ ಹೋಗಬಾರದು, ಅಂದರೆ 4 ಓಮ್ ಸ್ಪೀಕರ್ 3.2ರವರೆಗೆ ಇಳಿಯಬಹುದು. ಕೆಲವು ದುಬಾರಿ ಸ್ಪೀಕರ್‌ಗಳು ಅದಕ್ಕೂ ಕೆಳಗೆ ಹೋಗುತ್ತವೆ. ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುವ ರಿಸೀವರ್‌ಗೆ ಅದು ತಡೆಯುವುದಿಲ್ಲ. ತನ್ನನ್ನು ತಾನು ಕಾಪಾಡಿಕೊಳ್ಳಲು ಬಂದ್ ಆಗುತ್ತದೆ.

ಇನ್ನು ಆ 100 ವ್ಯಾಟ್. ಸಣ್ಣ ಅಕ್ಷರದಲ್ಲಿ ಬರೆದಿದ್ದದ್ದು: 6 ಓಮ್, 1 ಕಿಲೋಹರ್ಟ್ಸ್, ಒಂದೇ ಚಾನೆಲ್ (ಒಂದು ಕಡೆಯ ಸ್ಪೀಕರ್ ಮಾತ್ರ), 10 ಪರ್ಸೆಂಟ್ ಡಿಸ್ಟಾರ್ಷನ್ (ದನಿಯ ವಿಕಾರ). ಹತ್ತು ಪರ್ಸೆಂಟ್ ಅಂದರೆ ಹಾಡು ಆಗಲೇ ಕೆಟ್ಟು ಹೋಗಿರುತ್ತದೆ! ಪ್ರಾಮಾಣಿಕವಾಗಿ ಬರೆಯುವವರು 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ ಎಷ್ಟು ವ್ಯಾಟ್ ಅಂತ ಹೇಳುತ್ತಾರೆ. ಪಕ್ಕದಲ್ಲಿ 4 ಓಮ್‌ನ ಅಂಕಿಯನ್ನೂ ಕೊಡುತ್ತಾರೆ. ಅದು 8 ಓಮ್‌ನ ಅಂಕಿಗಿಂತ ಚೆನ್ನಾಗಿ ಜಾಸ್ತಿ ಇದ್ದರೆ ಆ ಆಂಪ್‌ನಲ್ಲಿ ಶಕ್ತಿ ಇದೆ ಅಂತ ಅರ್ಥ. 4 ಓಮ್‌ನ ಅಂಕಿಯೇ ಇಲ್ಲದಿದ್ದರೆ ಅಂಥ ಸ್ಪೀಕರ್‌ಗೆ ಆ ಆಂಪ್ ತರಬೇಡಿ.

ಸೆನ್ಸಿಟಿವಿಟಿ, ಅಂದರೆ ಇಷ್ಟು ಕೊಟ್ಟರೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ವಿಷಯದಲ್ಲೂ ಹುಷಾರಾಗಿರಿ. “88 ಡೆಸಿಬೆಲ್ ಐತಿ, ಸಣ್ಣ ಆಂಪ್ ಸಾಕು” ಅಂತ ಹೇಳುತ್ತಾರೆ. ಅದನ್ನು ಸಾಮಾನ್ಯವಾಗಿ ಅಳೆಯುವುದು 2.83 ವೋಲ್ಟ್‌ಗೆ. 8 ಓಮ್‌ನಲ್ಲಿ ಅದು 1 ವ್ಯಾಟ್, 4 ಓಮ್‌ನಲ್ಲಿ 2 ವ್ಯಾಟ್. ಹಾಗಾಗಿ 1 ವ್ಯಾಟ್ ಲೆಕ್ಕದಲ್ಲಿ ಆ 4 ಓಮ್ ಸ್ಪೀಕರ್ 85 ಮಾತ್ರ. 3 ಡೆಸಿಬೆಲ್ ಏರಿಸಬೇಕಾದರೆ ಎರಡರಷ್ಟು ಪವರ್ ಬೇಕು, 10 ಏರಿಸಬೇಕಾದರೆ ಹತ್ತರಷ್ಟು.

ಅಂಗಡಿಯ ಹುಡುಗ ಮನೆಗೆ ಬಂದು ರಿಸೀವರ್‌ನಲ್ಲಿ ಏನೋ ಸೆಟಿಂಗ್ ಬದಲಿಸಿದ. ಬಂದ್ ಆಗುವುದು ಕಡಿಮೆಯಾಯಿತು, ಆದರೆ ತಂಬೂರಿ ಕೆಟ್ಟಿತು. ತಂಬೂರಿಯ ಜವಾರಿಯಲ್ಲಿ (ತಂತಿಯ ಝೇಂಕಾರದಲ್ಲಿ) ಮೇಲಿನ ಸ್ವರಾಂಶಗಳು ಬಿಡದೆ ತುಂಬಿರುತ್ತವೆ, ಅಲ್ವಾ? ಅಲ್ಲಿ ಮರಳು ಸೇರಿದ ಹಾಗೆ ಕರಕರ ಕೇಳತೊಡಗಿತು. ಅವನು ಬದಲಿಸಿದ್ದು ಓಮ್ ಸೆಟಿಂಗ್ ಅಂತ ಆಮೇಲೆ ಗೊತ್ತಾಯಿತು. ಅದು ಆಂಪ್‌ನ ಶಕ್ತಿಯನ್ನೇ ಇಳಿಸುತ್ತದೆ. ಶಕ್ತಿ ಸಾಲದಾದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಆಗ ಹುಟ್ಟುವ ಹೆಚ್ಚಿನ ಆವರ್ತನಗಳು ನೇರ ಪೆಟ್ಟಿಗೆಯೊಳಗೆ ಎತ್ತರದ ದನಿ ಕೊಡುವ ಚಿಕ್ಕ ಭಾಗಕ್ಕೆ, ಅಂದರೆ ಟ್ವೀಟರ್‌ಗೆ ಹೋಗುತ್ತವೆ. ಅದರ ಕಾಯಿಲ್ ಕೂದಲಿನಷ್ಟು ತೆಳ್ಳಗಿನ ತಂತಿ, ಬಿಸಿ ತಡೆಯುವುದಿಲ್ಲ. ಬಲಗಡೆಯ ಟ್ವೀಟರ್ ಸುಟ್ಟಿತು. ಚಿಕ್ಕ ಆಂಪ್‌ನಿಂದ ದೊಡ್ಡ ಸ್ಪೀಕರ್ ಸುಡುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ರಿಪೇರಿಯವರು ಬಿಚ್ಚಿದಾಗ ಇನ್ನೊಂದು ಸತ್ಯ ಹೊರಬಿತ್ತು. ಎಡಗಡೆಯ ಟ್ವೀಟರ್ ಆ ಕಂಪನಿಯದೇ ಅಲ್ಲ. ಸ್ಕ್ರೂ ತಲೆಗಳು ಸವೆದಿದ್ದವು, ಹಿಂದಿನ ನಂಬರ್ ಬೇರೆ. “ಹೊರಗಿಂದು ಹಾಕ್ಯಾರ್ರಿ, ನಿಮಗ ಹೇಳಲಿಲ್ಲೇನ್ರಿ?” ಅಂತ ಅವರೇ ಕೇಳಿದರು. ವೂಫರ್ (ಕೆಳಗಿನ ದನಿ ಕೊಡುವ ದೊಡ್ಡ ಭಾಗ) ಸುತ್ತಲಿನ ಫೋಮ್ ಅಂಚು ಹರಿದಿದ್ದನ್ನು ಅಂಟು ಹಾಕಿ ಕಪ್ಪು ಬಣ್ಣ ಬಳಿದಿದ್ದರು. ವಯಸ್ಸಾದಂತೆ ಫೋಮ್ ಪುಡಿಯಾಗುವುದು ಸಹಜ. ಹೊಸ ಫೋಮ್ ಹಾಕಿಸಬಹುದು, ಅದರಲ್ಲಿ ತಪ್ಪಿಲ್ಲ. ಮುಚ್ಚಿಟ್ಟು “ಒರಿಜಿನಲ್ ಕಂಡೀಷನ್” ಅಂತ ಮಾರಿದ್ದು ಮೋಸ.

ಹೇಳಿದ ಗಡುವಿನೊಳಗೇ ವಾಪಸ್ ಒಯ್ದೆ. “ಸುಟ್ಟ ಮಾಲು ವಾಪಸ್ ಇಲ್ರಿ” ಅಂದರು. ಹಾಗಾದರೆ ನನ್ನ ಹಳೆಯ ಸೆಟ್ಟನ್ನಾದರೂ ಕೊಡಿ ಅಂದೆ. “ಅದು ಆವಾಗ್ಲೇ ಮಾರಿ ಹೋತ್ರಿ.” ಆಮೇಲೆ ಶೋರೂಮ್‌ನ ಆ ಪವರ್ ಆಂಪ್ ತೋರಿಸಿ, ಇದನ್ನು ತಗೊಂಡರೆ ಎಲ್ಲಾ ಸರಿಯಾಗುತ್ತದೆ ಅಂದರು. ಅದರ ಬೆಲೆ ಸ್ಪೀಕರ್‌ಗಿಂತಲೂ ಜಾಸ್ತಿ. ಇಡೀ ವ್ಯವಹಾರ ನನಗೆ ಅರ್ಥವಾದದ್ದು ಆಗ. ಹಳೆಯದು ಕೈಬಿಟ್ಟ ಮೇಲೆ ಮನೆಯಲ್ಲಿ ಹಾಡು ಕೇಳಲು ಏನೂ ಇರುವುದಿಲ್ಲ. ಅವರು ಹೇಳಿದ ಬೆಲೆಗೆ ಒಪ್ಪಲೇಬೇಕಾದ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ನನಗೆ ದುಡ್ಡಿಗಿಂತ ಹೆಚ್ಚು ಸಂಕಟ ಕೊಟ್ಟದ್ದು ಇದೇ.

ಆದ್ದರಿಂದ ಯಾವ ಆಂಪ್ ಕೊಳ್ಳುತ್ತೀರೋ ಅದರಲ್ಲೇ ಸ್ಪೀಕರ್ ಹಚ್ಚಿಸಿ ಕೇಳಿ. ಬರೀ ತಂಬೂರಿ ಇರುವ ಆಲಾಪದ ಶುರುವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿಸಿ. ಎರಡೂ ಕಡೆ ಒಂದೇ ತರಹ ಕೇಳಬೇಕು. ಜಾಲರಿ ತೆಗೆಸಿ, ಟಾರ್ಚ್ ಬಿಟ್ಟು ಸ್ಕ್ರೂ ಮತ್ತು ಅಂಚು ನೋಡಿ. ಎರಡೂ ಸ್ಪೀಕರ್‌ನ ಸೀರಿಯಲ್ ನಂಬರ್ ಬರೆದುಕೊಳ್ಳಿ. ಮಲ್ಟಿಮೀಟರ್ ಒಯ್ಯಿರಿ: ಟರ್ಮಿನಲ್‌ಗೆ ಹಿಡಿದಾಗ 8 ಓಮ್ ಸ್ಪೀಕರ್ ಸುಮಾರು 6, 4 ಓಮ್‌ದು ಸುಮಾರು 3 ತೋರಿಸುತ್ತದೆ. ಹೊರದೇಶದಿಂದ ತಂದ ಆಂಪ್ ಆದರೆ ಹಿಂದೆ 120 ವೋಲ್ಟ್ ಅಂತ ಇದೆಯಾ ನೋಡಿ, ಇದ್ದರೆ ನಮ್ಮ 230ಕ್ಕೆ ನೇರ ಹಚ್ಚುವಂತಿಲ್ಲ. ಕೋಣೆಯ ಮಾತೂ ಇದೆ. ಪರಸಿ ಕಲ್ಲಿನ ನೆಲ, ಬರಿ ಗೋಡೆಯ ನಮ್ಮ ಮನೆಗಳಲ್ಲಿ ಶೋರೂಮ್‌ನ ದನಿ ಬರುವುದಿಲ್ಲ. ಚಿಕ್ಕ ಕೋಣೆಯಲ್ಲಿ ದೊಡ್ಡ ವೂಫರ್ ಗುಂಯ್ ಅನ್ನುತ್ತದೆ.

ಎಸ್ಟಿಮೇಟ್ ಚೀಟಿ ಬೇಡ, ಜಿಎಸ್‌ಟಿ ಇರುವ ಪಕ್ಕಾ ಬಿಲ್ ಕೇಳಿ. ವಾಪಸ್ ಮಾತು ಬರವಣಿಗೆಯಲ್ಲಿ ಇರಲಿ. ನನಗೆ ಕೊಟ್ಟದ್ದು ಬರೀ ಚೀಟಿ. ಆದರೂ ಫೋನ್‌ನಿಂದ ಹಣ ಕಟ್ಟಿದ ದಾಖಲೆ, ಆ ಮೆಸೇಜ್, ರಿಪೇರಿಯವರು ತೆಗೆದ ಫೋಟೊ ಇಟ್ಟುಕೊಂಡು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮೊದಲು 1915 ಸಹಾಯವಾಣಿಗೂ ಕರೆ ಮಾಡಬಹುದು. ಇಂಥದ್ದೇ ಅನುಭವ ಆದವರು ಚೀಟಿ, ಮೆಸೇಜ್ ಯಾವುದನ್ನೂ ಅಳಿಸಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಸೆಟ್ ನೋಡಲು ಹೊರಟವರು ನನಗೆ ತಿಳಿಸಿ. ಮೀಟರ್ ಹಿಡಿದುಕೊಂಡು ನಾನೂ ಜೊತೆಗೆ ಬರುತ್ತೇನೆ.